ಎಂಎಚ್-12 ಇಕೋ ಕ್ಯಾಂಪರ್ ಮಾರಬೇಕು: ಪುಣೆಯಲ್ಲೋ, ಹುಬ್ಬಳ್ಳಿಯಲ್ಲೋ?

ಸಾಧನಕೇರಿ_ಜೋಡಿ:

ಎಲ್ಲರಿಗೂ ನಮಸ್ಕಾರ. ಗಾಡಿ ಮಾರಿ ಗೊತ್ತಿದ್ದವರು, ಕ್ಯಾಂಪರ್ (ಮಲಗಲು, ಅಡುಗೆಗೆ ಸಜ್ಜು ಮಾಡಿದ ಗಾಡಿ) ಕೆಲಸ ತಿಳಿದವರು ದಯವಿಟ್ಟು ಹೇಳಿ. ವಿವರವನ್ನೆಲ್ಲ ಮೊದಲೇ ಬರೆದುಬಿಡುತ್ತೇವೆ.

ಗಾಡಿ ಮಾರುತಿ ಇಕೋ, 5 ಸೀಟರ್, ಪೆಟ್ರೋಲ್, ಬಿಎಸ್4. 2019ರ ಫೆಬ್ರುವರಿಯಲ್ಲಿ ಪುಣೆಯಲ್ಲಿ ನೋಂದಣಿ, ಎಂಎಚ್-12. ಮೊದಲಿನಿಂದ ನಮ್ಮದೇ, 91,000 ಕಿ.ಮೀ. ಓಡಿದೆ. ಹಿಂದಿನ ಸೀಟು ತೆಗೆದು 12 ಎಂಎಂ ಪ್ಲೈವುಡ್ ಮಂಚ, ಅದರ ಕೆಳಗೆ ಖಾನೆಗಳು, ಹಿಂಬಾಗಿಲ ಹತ್ತಿರ ಹೊರಗೆಳೆಯುವ ಅಡುಗೆ ಹಲಗೆ ಮಾಡಿದ್ದೇವೆ. ಮೇಲೆ 160 ವ್ಯಾಟ್ ಸೋಲಾರ್ ಪ್ಯಾನೆಲ್, 20 ಆಂಪಿಯರ್ ಎಂಪಿಪಿಟಿ ಸೋಲಾರ್ ಚಾರ್ಜ್ ಕಂಟ್ರೋಲರ್, ಒಳಗೆ 100 ಎಎಚ್ (ಆಂಪಿಯರ್-ಅವರ್) ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, 12 ವೋಲ್ಟ್ ಫ್ರಿಜ್, 40 ಲೀಟರ್ ನೀರಿನ ಟಾಕಿ, ಒಂದು ಒಲೆ, 5 ಕೆಜಿ ಸಿಲಿಂಡರ್. ಪ್ಯಾನೆಲ್ ಕೂರಿಸಲು ಮಾಳಿಗೆಗೆ ನಾಲ್ಕು ತೂತು ಕೊರೆದಿದ್ದೇವೆ.

ಈ ಗಾಡಿಯಲ್ಲಿ ಹೊರಟ ಒಂಬತ್ತು ತಿಂಗಳ ತಿರುಗಾಟ ಮುಗಿಯುತ್ತಾ ಬಂತು. ಈಗ ಅಕ್ಟೋಬರ್ ಮೊದಲ ವಾರ, ಹಿಮಾಚಲದಲ್ಲಿದ್ದೇವೆ. ರಾಜಸ್ಥಾನ, ಗುಜರಾತ್, ಪುಣೆ ಮೇಲೆ ನವೆಂಬರ್ ಕೊನೆಗೆ ಧಾರವಾಡ ಮುಟ್ಟುವ ಲೆಕ್ಕ. ಡಿಸೆಂಬರ್ 15ಕ್ಕೆ ಬೆಂಗಳೂರಿನಲ್ಲಿ ಇಬ್ಬರಿಗೂ ಕೆಲಸ ಶುರು, ಅಲ್ಲಿ ಇದನ್ನು ನಿಲ್ಲಿಸಲು ಜಾಗವಿಲ್ಲ. ಕಾರ್ ಸಾಲ ಹೋದ ವರ್ಷವೇ ತೀರಿದೆ, ಆದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇನ್ನೂ ಇದೆ. ಆರ್‌ಸಿ ವಿಳಾಸ ನಾವು ಖಾಲಿ ಮಾಡಿದ ಪುಣೆಯ ಬಾಡಿಗೆ ಮನೆಯದು.

ಹುಬ್ಬಳ್ಳಿ-ಧಾರವಾಡಕ್ಕೆ ತಂದು ನಿಧಾನಕ್ಕೆ ಮಾರೋಣ ಅಂತ ಒಂದು ಮನಸ್ಸು. ಪುಣೆಯಲ್ಲೇ ಮುಗಿಸಿ ರೈಲು ಹತ್ತೋಣ ಅಂತ ಇನ್ನೊಂದು. ಇವತ್ತಿನಿಂದಲೇ ಏನು ಶುರು ಮಾಡಬೇಕು? ಯಾವ ರಿಪೇರಿಗೆ ರೊಕ್ಕ ಹಾಕಬೇಕು, ಯಾವುದಕ್ಕೆ ಹಾಕಬಾರದು?

ಕಾಗದಪತ್ರ_ಕೇಶ್ವಾಪುರ:

ಪುಣೆಯಲ್ಲೇ ಮಾರಿ. ಅಲ್ಲಿ ಗಿರಾಕಿ ಸಿಗದಿದ್ದರೆ ಸಾಂಗ್ಲಿ, ಕೊಲ್ಹಾಪುರ. ನಿಪ್ಪಾಣಿ ದಾಟಿತೆಂದರೆ ನಿಮ್ಮ ಗಾಡಿಯ ಬೆಲೆ ಇಳಿಯಿತು ಎಂದೇ ತಿಳಿಯಿರಿ. ಎಂಜಿನ್ ಅದೇ, ಬ್ಯಾಟರಿ ಅದೇ, ಆದರೂ.

ಕಾರಣ ತೆರಿಗೆ. ಮಹಾರಾಷ್ಟ್ರದವರೇ ಕೊಂಡರೆ ನಂಬರ್ ಅದೇ ಇರುತ್ತದೆ, ರಸ್ತೆ ತೆರಿಗೆಯನ್ನು ಇನ್ನೊಮ್ಮೆ ಕಟ್ಟುವುದಿರುವುದಿಲ್ಲ. ಹುಬ್ಬಳ್ಳಿಯವರು ಕೊಂಡರೆ ಪುಣೆ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ), ಇಲ್ಲಿ ಹೊಸ ನಂಬರ್, ಕರ್ನಾಟಕದ ಜೀವಿತಾವಧಿ ತೆರಿಗೆ, ಆ ಹೊಸ ನಂಬರಿಗೆ ಮತ್ತೆ ಎಚ್‌ಎಸ್‌ಆರ್‌ಪಿ, ಅಂದರೆ ಹೆಚ್ಚು ಭದ್ರತೆಯ ನಂಬರ್ ಪ್ಲೇಟ್. ತೆರಿಗೆಯನ್ನು ಹಾಕುವುದು ನೀವು ಮಾರಿದ ದರದ ಮೇಲಲ್ಲ, ಗಾಡಿ ಹೊಸದಿದ್ದಾಗಿನ ಬೆಲೆಯ ಮೇಲೆ, ವಯಸ್ಸಿಗೆ ತಕ್ಕಂತೆ ಇಳಿಸಿ. ಇಕೋದಂಥ ಕಡಿಮೆ ಬೆಲೆಯ ಗಾಡಿಗೂ ಅದು ಐದಂಕಿಯ ಮೊತ್ತ. ಗಿರಾಕಿ ಅದನ್ನು ತನ್ನ ಕಿಸೆಯಿಂದ ಕೊಡುವುದಿಲ್ಲ, ನಿಮ್ಮ ದರದಲ್ಲಿ ಮುರಿದುಕೊಳ್ಳುತ್ತಾನೆ. ಓಡಾಟದ ಬೇಸರಕ್ಕೆ ಅಂತ ಇನ್ನಷ್ಟು ಕೇಳುತ್ತಾನೆ.

ಮಹಾರಾಷ್ಟ್ರದಲ್ಲಿ ಕಟ್ಟಿದ ತೆರಿಗೆಯ ಉಳಿದ ಅವಧಿಯ ಪಾಲು ವಾಪಸು ಬರುತ್ತದಲ್ಲ ಎಂದು ಯಾರಾದರೂ ಹೇಳಬಹುದು. ಬರುತ್ತದೆ. ಆದರೆ ಅದಕ್ಕೆ ಹೊಸ ರಾಜ್ಯದ ಆರ್‌ಸಿ ಮತ್ತು ತೆರಿಗೆ ಕಟ್ಟಿದ ರಸೀದಿಯ ಪ್ರತಿ ಬೇಕು, ಅವೆರಡೂ ಇರುವುದು ಗಿರಾಕಿಯ ಕೈಯಲ್ಲಿ. ಗಾಡಿ ಸಿಕ್ಕ ಮೇಲೆ ಅವನಿಗೆ ನಿಮ್ಮ ನೆನಪೂ ಇರುವುದಿಲ್ಲ. ಕರ್ನಾಟಕದವರಿಗೇ ಮಾರಬೇಕಾಗಿ ಬಂದರೆ ಕರಾರು ಪತ್ರದಲ್ಲಿ ಆ ಎರಡು ಪ್ರತಿ ಕೊಡಬೇಕೆಂದು ಬರೆಸಿ.

ಇನ್ನೊಂದು ತಪ್ಪು ಬಹಳ ಜನ ಮಾಡುತ್ತಾರೆ: ಹೇಗೂ ಬೇಕಾಗುತ್ತದೆ ಎಂದು ಮೊದಲೇ ಎನ್‌ಒಸಿ ತೆಗೆದಿಟ್ಟುಕೊಳ್ಳುವುದು. ಎನ್‌ಒಸಿಯ ಅರ್ಜಿಯಾದ ಫಾರ್ಮ್ 28ರಲ್ಲಿ ಗಾಡಿ ಯಾವ ಆರ್‌ಟಿಒಗೆ ಹೋಗುತ್ತದೆ ಎಂಬ ಹೆಸರು ಬರೆಯಬೇಕು. ಹುಬ್ಬಳ್ಳಿಯ ಕೆಎ-63ಕ್ಕೆ ತೆಗೆದಿಟ್ಟು, ಗಿರಾಕಿ ಗೋವಾದವನಾದರೆ ಅದನ್ನು ರದ್ದು ಮಾಡಿಸಿ ಹೊಸದು ತೆಗೆಯಬೇಕು. ಗಿರಾಕಿ ಗಟ್ಟಿಯಾಗಿ ಮುಂಗಡ ಕೊಟ್ಟ ಮೇಲೆಯೇ ಎನ್‌ಒಸಿ.

ಈಗ ನಿಮ್ಮ ಗಾಡಿಯ ಗಂಟು ಎಲ್ಲಿದೆ ನೋಡಿ. ನೋಂದಣಿ 2019ರ ಫೆಬ್ರುವರಿ. ಕಂಪನಿಯಿಂದಲೇ ಎಚ್‌ಎಸ್‌ಆರ್‌ಪಿ ಬರತೊಡಗಿದ್ದು 2019ರ ಏಪ್ರಿಲ್ 1ರಿಂದ. ಅಂದರೆ ನೀವು ಹಾಕಿಸಿಕೊಂಡಿರದಿದ್ದರೆ ಆ ಪ್ಲೇಟ್ ನಿಮ್ಮ ಗಾಡಿಗಿಲ್ಲ. ಪ್ಲೇಟ್ ಇಲ್ಲದ ಗಾಡಿಯ ಕೆಲಸ ಆರ್‌ಟಿಒದಲ್ಲಿ ಮುಂದೆ ಸರಿಯುವುದಿಲ್ಲ. ಬ್ಯಾಂಕಿನ ಹೆಸರು ತೆಗೆಯದೆ ವರ್ಗಾವಣೆ ಇಲ್ಲ, ಪ್ಲೇಟ್ ಇಲ್ಲದೆ ಬ್ಯಾಂಕಿನ ಹೆಸರು ತೆಗೆಯುವುದೂ ಕಷ್ಟ. ಒಂದರ ಬಾಲ ಇನ್ನೊಂದರ ಬಾಯಲ್ಲಿ. ಪ್ಲೇಟನ್ನು ಮಹಾರಾಷ್ಟ್ರದ ಕೇಂದ್ರದಲ್ಲೇ ಕೂರಿಸಬೇಕಾದ್ದರಿಂದ ಪುಣೆಗೆ ನೀವು ನವೆಂಬರ್ ಕೊನೆಗೆ ಬಂದರೆ ಆಗದು, 10ರೊಳಗೆ ಬರಬೇಕು. ಗುಜರಾತಿನ ದಿನಗಳನ್ನು ಕತ್ತರಿಸಿ.

ಇವತ್ತೇ, ಹಿಮಾಚಲದಲ್ಲಿ ಕೂತೇ ಮಾಡಬಹುದಾದವು ಇವು. ಸರ್ಕಾರದ ವಾಹನ ದಾಖಲೆಯ ಪರಿವಾಹನ್ ತಾಣದಲ್ಲಿ ಗಾಡಿಗೆ ಜೋಡಿಸಿದ ಮೊಬೈಲ್ ನಂಬರ್ ಈಗ ನಿಮ್ಮ ಬಳಿ ಇರುವುದೇ ಎಂದು ನೋಡಿ. ಹಳೆಯ ಸಿಮ್ ಆಗಿದ್ದರೆ ಒಟಿಪಿ ಬಾರದೆ ಎಲ್ಲವೂ ಅಲ್ಲೇ ನಿಲ್ಲುತ್ತದೆ. ಇ-ಚಲನ್ ತಾಣದಲ್ಲಿ ಗಾಡಿ ನಂಬರ್ ಹಾಕಿ ಎಲ್ಲ ರಾಜ್ಯಗಳ ದಂಡ ನೋಡಿ. ಒಂಬತ್ತು ತಿಂಗಳ ಓಡಾಟದಲ್ಲಿ ಎಲ್ಲೋ ಒಂದು ಕಡೆ ಸ್ಪೀಡ್ ಕ್ಯಾಮೆರಾ ಹಿಡಿದೇ ಇರುತ್ತದೆ. ಕೋರ್ಟಿಗೆ ಹೋದ ಚಲನ್ ಇದ್ದರೆ ವರ್ಚುವಲ್ ಕೋರ್ಟ್ ತಾಣದಲ್ಲಿ ಕಟ್ಟಬೇಕು, ಮತ್ತು ಕಟ್ಟಿದ್ದು ದಾಖಲೆಯಲ್ಲಿ ಕಾಣಲು ಕೆಲವು ದಿನ ಹಿಡಿಯುತ್ತದೆ, ಅದಕ್ಕೇ ಈಗಲೇ. ಬ್ಯಾಂಕಿನಿಂದ ಸಾಲ ತೀರಿದ ಎನ್‌ಒಸಿ, ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸುವ ಫಾರ್ಮ್ 35ರ ಎರಡು ಪ್ರತಿ ತರಿಸಿಕೊಳ್ಳಿ. ಹೋದ ವರ್ಷ ಕೊಟ್ಟ ಎನ್‌ಒಸಿಯಾಗಿದ್ದರೆ ಅದರ ಮೇಲಿನ ಅವಧಿ ಓದಿ, ಮೀರಿದ್ದರೆ ಹೊಸದು ಕೇಳಿ. ಎಚ್‌ಎಸ್‌ಆರ್‌ಪಿಗೆ ಪುಣೆಯ ಕೇಂದ್ರ ಆಯ್ದು ದಿನ ಗೊತ್ತು ಮಾಡಿಸಿ. ಪಿಯುಸಿ (ಹೊಗೆ ತಪಾಸಣೆ ಪತ್ರ) ಬಿಎಸ್4 ಗಾಡಿಗೆ ಒಂದು ವರ್ಷ ನಡೆಯುತ್ತದೆ, ತಾರೀಖು ನೋಡಿಕೊಳ್ಳಿ.

ಒಂದು ಸಣ್ಣ ಮುಳ್ಳು. ಬ್ಯಾಂಕಿನ ಹೆಸರು ತೆಗೆದ ಮೇಲೆ ಹೊಸ ಆರ್‌ಸಿ ಕಾರ್ಡ್ ಸ್ಪೀಡ್ ಪೋಸ್ಟಿನಲ್ಲಿ ಆರ್‌ಸಿ ವಿಳಾಸಕ್ಕೆ ಹೋಗುತ್ತದೆ. ನೀವು ಆ ಮನೆಯಲ್ಲಿಲ್ಲ. ಹಳೆಯ ಮನೆ ಮಾಲೀಕರಿಗೆ ಮೊದಲೇ ಹೇಳಿಡಿ, ಇಲ್ಲವಾದರೆ ಕಾರ್ಡ್ ತಿರುಗಿ ಆರ್‌ಟಿಒ ಸೇರುತ್ತದೆ. ಕಾರ್ಡ್ ಬರುವ ತನಕ ಡಿಜಿಲಾಕರ್‌ನಲ್ಲಿ ಹೊಸ ಆರ್‌ಸಿ ತೋರಿಸಿ ಗಿರಾಕಿಯ ಜೊತೆ ಮಾತು ಮುಂದುವರಿಸಬಹುದು.

ಮಾರುವ ದಿನ: ಮಾರಾಟ ತಿಳಿಸುವ ಫಾರ್ಮ್ 29 ಎರಡು ಪ್ರತಿ, ಹೆಸರು ವರ್ಗಾವಣೆಯ ಫಾರ್ಮ್ 30. ಖಾಲಿ ಫಾರ್ಮಿಗೆ ಸಹಿ ಹಾಕಿ ಯಾರಿಗೂ ಕೊಡಬೇಡಿ, ಗಿರಾಕಿಯ ಹೆಸರು, ವಿಳಾಸ, ತಾರೀಖು ತುಂಬಿದ ಮೇಲೆಯೇ ಸಹಿ. ಗಾಡಿ ಕೈ ಬದಲಾಗಿದ್ದನ್ನು ಮಾರಿದವರು ಅದೇ ರಾಜ್ಯದೊಳಗಾದರೆ 14 ದಿನದಲ್ಲಿ, ಬೇರೆ ರಾಜ್ಯಕ್ಕಾದರೆ 45 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು. ಕೊಂಡವರಿಗೆ 30 ದಿನ. ಆರ್‌ಸಿಯಲ್ಲಿ ಹೆಸರು ಇರುವ ತನಕ ಅಪಘಾತದ ಪರಿಹಾರದ ಹೊಣೆ ನಿಮ್ಮದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಆ ಪ್ರಕರಣದಲ್ಲಿ ಗಾಡಿ ಮೂರ್ನಾಲ್ಕು ಕೈ ದಾಟಿತ್ತು, ಆದರೂ ಸಿಕ್ಕಿಬಿದ್ದದ್ದು ಆರ್‌ಸಿಯಲ್ಲಿ ಹೆಸರಿದ್ದವರು. ಆದ್ದರಿಂದ ‘ನಾನು ಆಮೇಲೆ ಮಾಡಿಸಿಕೊಳ್ತೀನಿ ಸರ್’ ಎನ್ನುವವರ ಮಾತಿಗೆ ಹೂಂ ಅನ್ನಬೇಡಿ, ಅರ್ಜಿ ನಿಮ್ಮ ಎದುರಿಗೇ ಹೋಗಲಿ. ಹಸ್ತಾಂತರ ಪತ್ರದಲ್ಲಿ ತಾರೀಖಿನ ಜೊತೆ ಗಂಟೆ, ನಿಮಿಷ, ಮೀಟರಿನ ಕಿ.ಮೀ. ಬರೆಯಿರಿ. ಸಂಜೆ 4:10ಕ್ಕೆ ಗಾಡಿ ಕೊಟ್ಟು 5ಕ್ಕೆ ಅವನು ಸಿಗ್ನಲ್ ಹಾರಿದರೆ ಆ ಬರಹವೇ ನಿಮ್ಮ ಸಾಕ್ಷಿ.

ದುಡ್ಡು: ಒಂದೇ ವ್ಯವಹಾರಕ್ಕೆ 2 ಲಕ್ಷ ಅಥವಾ ಹೆಚ್ಚು ನಗದಾಗಿ ತೆಗೆದುಕೊಳ್ಳುವಂತಿಲ್ಲ, ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡ. ಆರ್‌ಟಿಜಿಎಸ್ 2 ಲಕ್ಷದಿಂದ ಮೇಲೆ ನಡೆಯುತ್ತದೆ, ಅದಕ್ಕಿಂತ ಕಡಿಮೆಗೆ ನೆಫ್ಟ್. ಗಿರಾಕಿ ತೋರಿಸುವ ಸ್ಕ್ರೀನ್‌ಶಾಟ್ ನೋಡಿ ಕೀ ಕೊಡಬೇಡಿ, ನಿಮ್ಮ ಖಾತೆ ತೆರೆದು ನೋಡಿ.

ಫಾಸ್ಟ್ಯಾಗ್ ಮುಚ್ಚಿಸಿ ಗಾಜಿನಿಂದ ಕೆರೆದು ತೆಗೆಯಿರಿ. ವಿಮೆಯ ನೋ ಕ್ಲೇಮ್ ಬೋನಸ್ ಗಾಡಿಯದಲ್ಲ, ನಿಮ್ಮದು. ಕಂಪನಿಯಿಂದ ಪತ್ರ ತೆಗೆದಿಟ್ಟರೆ 3 ವರ್ಷದೊಳಗೆ ಮುಂದಿನ ಗಾಡಿಗೆ ಬಳಸಬಹುದು. ಗಿರಾಕಿಗೆ ವಿಮೆಯನ್ನು 14 ದಿನದೊಳಗೆ ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಹೇಳಿ.

ಗೋಕುಲ್‌ರೋಡ್_ಪಾನಾ:

ಮ್ಯಾಲಿನವ್ರು ಕಾಗದದ ಮಾತು ಪೂರಾ ಹೇಳ್ಯಾರ. ನಾ ಗಾಡಿ ಮಾತು ಹೇಳ್ತೀನಿ.

ಮೊದಲನೇದು, ಹಿಂದಿನ ಸೀಟ ಎಲ್ಲೈತಿ? ಆರ್‌ಸಿಯಾಗ 5 ಸೀಟ ಅಂತ ಐತಿ, ಗಾಡ್ಯಾಗ ಎರಡ ಇದ್ರ ಗಿರಾಕಿ ಪ್ರಶ್ನೆ ಕೇಳ್ತಾನ, ಆರ್‌ಟಿಒದವ್ರೂ ಕೇಳ್ತಾರ. ಸೀಟು, ಬೆಲ್ಟು, ಬೆಲ್ಟಿನ ಬಕಲ್, ಬೋಲ್ಟು ಇಷ್ಟೂ ಇದ್ರ ನಿಮ್ಮ ಗಿರಾಕಿ ಎರಡು ಥರದವ್ರು ಆಗ್ತಾರ: ಕ್ಯಾಂಪರ್ ಬೇಕಾದವ್ರು, ಸಾದಾ ಇಕೋ ಬೇಕಾದವ್ರು. ಇಲ್ಲಾಂದ್ರ ಬರೇ ಒಂದ ಥರದವ್ರು. ಕಾಯ್ದೆ ಪ್ರಕಾರ ಗಾಡಿ ಕಂಪನಿ ವಿವರಕ್ಕ ಹೊಂದಿರಬೇಕು, ಮನ್ಯಾಗ ಮಾಡಿದ ಕ್ಯಾಂಪರ್‌ಗೆ ಆರ್‌ಸಿಯಾಗ ಕ್ಯಾಂಪರ್ ಅಂತ ಬರಸೂದು ಸುಮ್ನ ಆಗೂ ಮಾತಲ್ಲ. ಅದಕ್ಕ ಜಾಹೀರಾತಿನಾಗ ‘ಬಿಚ್ಚಿ ತೆಗೀಬಹುದಾದ ಫಿಟ್ಟಿಂಗ್’ ಅಂತ ಬರೀರಿ, ಮತ್ತ ಅದು ಖರೇನೂ ಇರಲಿ. ಮಂಚ ಸೀಟಿನ ಹಳೇ ಬೋಲ್ಟ್ ತೂತಿಗೇ ಕೂಡಬೇಕು, ಅರ್ಧ ತಾಸಿನಾಗ ಇಬ್ಬರು ಬಿಚ್ಚಿ ಹೊರಗ ಇಡೂಹಂಗ.

ಎರಡನೇದು, ಮಾಳಿಗಿ ಮ್ಯಾಲಿನ ನಾಕು ತೂತು. ಇಡೀ ವ್ಯವಹಾರ ಮುರಿಯೂದು ಇಲ್ಲೇ. ತೂತಿಗೆ ಏನ್ ಹಚ್ಚೀರಿ? ಅಂಗಡ್ಯಾಗ ಸಿಗೂ ಸಾದಾ ಸಿಲಿಕೋನ್, ಹಚ್ಚಿದಾಗ ಹುಳಿ ವಾಸನಿ ಬರೂದು, ಅದರಾಗಿನ ಆಮ್ಲ ಬರೀ ತಗಡಿಗೆ ತುಕ್ಕು ಹಿಡಸ್ತದ. ಮ್ಯಾಲೆ ಚಂದ ಕಾಣ್ತದ, ಒಳಗ ಬೋಲ್ಟಿನ ಸುತ್ತ ತಿಂದಿರ್ತದ. ಒಂದು ಬೋಲ್ಟ್ ಬಿಚ್ಚಿ ನೋಡ್ರಿ. ಅಂಚು ಕಂದು ಆಗಿದ್ರ ನಾಕೂ ಬಿಚ್ಚಿ, ಉಪ್ಪುಕಾಗದಲೆ ತಿಕ್ಕಿ, ರೆಡ್ ಆಕ್ಸೈಡ್ ಪ್ರೈಮರ್ ಹೊಡದು, ಒಂದಿನ ಒಣಗಿಸಿ, ಬ್ಯುಟೈಲ್ ಟೇಪ್ ಇಟ್ಟು ಬಿಗೀರಿ, ಮ್ಯಾಲೆ ಪಿಯು ಸೀಲಂಟ್ ಎಳೀರಿ. ಆಮ್ಯಾಲೆ ಪೈಪ್ ಹಿಡದು ಹತ್ತು ನಿಮಿಷ ನೀರು ಬಿಟ್ಟು, ಒಳಗ ಮಾಳಿಗಿ ಬಟ್ಟಿಗೆ ಒಣಾ ಪೇಪರ್ ಒತ್ತಿ ನೋಡ್ರಿ. ಹಸಿ ಆತಂದ್ರ ಇನ್ನೂ ಸೋರಾಕತ್ತೈತಿ. ಪ್ಲೈವುಡ್ ಕೆಳಗಿನ ನೆಲದ ತಗಡೂ ಹಿಂಗ. ಮಂಚ ತೆಗದು ನೋಡ್ರಿ, ಹಾಸಿಗಿ ಅಡಿಗೆ ಕರೀ ಬೂಷ್ಟು ಇದ್ರ ಬಿಸಲಿಗೆ ಎರಡು ದಿನ ನಿಲ್ಲಸ್ರಿ, ಹಲಗಿಗೆ ಗಾಳಿ ಆಡಾಕ 20 ಎಂಎಂ ತೂತು ಸಾಲಾಗಿ ಹೊಡೀರಿ. ಬೂಷ್ಟಿನ ಮ್ಯಾಲೆ ಬಣ್ಣ ಬಳೀಬ್ಯಾಡ್ರಿ, ವಾಸನಿ ಹೋಗಂಗಿಲ್ಲ.

ಸೆಂಟ್ ಹೊಡೀಬ್ಯಾಡ್ರಿ. ಬಾಗಲ ತೆಗದ ಕೂಡಲೆ ಮಲ್ಲಿಗಿ ವಾಸನಿ ಬಂತಂದ್ರ ಏನ್ ಮುಚ್ಚಾಕತ್ತಾರ ಅಂತ ಗಿರಾಕಿ ಮೂಗು ಚುರುಕು ಆಗ್ತದ. ಇಂಜಿನ್ನೂ ಹಂಗ. ಇಕೋದ ಇಂಜಿನ್ ಮುಂದಿನ ಸೀಟಿನ ಕೆಳಗ ಇರ್ತದ, ಸೀಟ ಎತ್ತಿದ್ರ ಪೂರಾ ಕಾಣ್ತದ. ಹಿಂದಿನ ದಿನ ಫೋಮ್ ವಾಷ್ ಮಾಡ್ಸಿದ್ರ ಎಣ್ಣಿ ಸೋರಿಕಿ ತೊಳದಾರ ಅಂತ ತಿಳೀತಾರ. ವಾರ ಮುಂಚೆ ಒಣಾ ಬಟ್ಟೀಲೆ ಒರೆಸ್ರಿ, ಅಷ್ಟ ಸಾಕು.

ರೊಕ್ಕ ಎಲ್ಲೆಲ್ಲಿ ಹಾಕಬೇಕು? ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್. ರಾಜಸ್ಥಾನದ ಧೂಳು ದಾಟಿದ ಮ್ಯಾಲೆ ಹಾಕ್ರಿ, ಮೊದ್ಲ ಹಾಕಿದ್ರ ದಂಡ. ಮುಂದಿನ ಬ್ರೇಕ್ ಪ್ಯಾಡ್, ಘಾಟಿನಾಗ ಭಾಳ ತಿಂದಿರ್ತಾವ. ಸ್ಲೈಡಿಂಗ್ ಬಾಗಲದ ಕೆಳಗಿನ ಹಳಿ: ಬ್ರಷ್ಷಿಲೆ ಉಸುಕು ತೆಗೀರಿ, ಗ್ರೀಸ್ ಮಾತ್ರ ಹಚ್ಚಬ್ಯಾಡ್ರಿ, ಉಸುಕು ಅಂಟಿ ರೋಲರ್ ತಿಂತದ, ಸಿಲಿಕೋನ್ ಸ್ಪ್ರೇ ಹೊಡೀರಿ. ಬಾಗಲ ಒಂದ ಕೈಲೆ ಸರ್ರಂತ ಬಂತಂದ್ರ ಗಿರಾಕಿ ಅರ್ಧ ಒಪ್ಪಿದ. ಟೈರ್ ಸವದಿದ್ರ ಬದಲಸೂದು ಬ್ಯಾಡ, ದರದಾಗ ಬಿಡ್ರಿ. ಹಾಕಿದ ರೊಕ್ಕ ಪೂರಾ ವಾಪಸ್ ಬರಂಗಿಲ್ಲ. ಟೈರಿನ ಬಾಜೂಕ ನಾಕು ಅಂಕಿ ಇರ್ತಾವ, 2322 ಅಂದ್ರ 2022ರ 23ನೇ ವಾರ ತಯಾರಾಗಿದ್ದು, ಅದರ ಫೋಟೋ ಹಾಕ್ರಿ. ಸಣ್ಣ ಡೆಂಟಿಗೆ ಪೇಂಟ್ ಮಾಡ್ಸಬ್ಯಾಡ್ರಿ, ಹೊಸಾ ಪೇಂಟ್ ಕಂಡ್ರ ಆಕ್ಸಿಡೆಂಟ್ ಗಾಡಿ ಅಂತಾರ.

ಗಿರಾಕಿ ಮುಂಜಾನೆ ಬರ್ತೀನಂದ್ರ ಅವ ಬರೂಕಿಂತ ಮೊದ್ಲ ಗಾಡಿ ಚಾಲೂ ಮಾಡಬ್ಯಾಡ್ರಿ. ತಿಳದವ ಬಾನೆಟ್ ಮುಟ್ಟಂಗಿಲ್ಲ, ಸೀದಾ ಸೀಟ ಎತ್ತಿ ಇಂಜಿನ್ ಕೈಲೆ ಮುಟ್ಟಿ ನೋಡ್ತಾನ.

ನೀರಿನ ಟಾಕಿ ವಾಸನಿ ಬಂದ್ರ: 40 ಲೀಟರಿಗೆ ಶೇ 5ರ ಬ್ಲೀಚ್ 40 ಎಂಎಲ್, ನಳದಾಗ ವಾಸನಿ ಬರೂ ತನಕ ಪಂಪ್ ಓಡ್ಸಿ, ನಾಕು ತಾಸು ಬಿಟ್ಟು, ಖಾಲಿ ಮಾಡಿ, ಎರಡು ಸಲ ಚೊಲೊ ನೀರಿಲೆ ತೊಳೀರಿ. ಸಿಲಿಂಡರ್ ಗಾಡಿ ಕೂಡ ಕೊಡಬ್ಯಾಡ್ರಿ, ವಾಪಸ್ ಮಾಡ್ರಿ. ಒಲಿ ಕೊಟ್ರೂ ಹಳೇ ಪೈಪ್ ಕೊಡಬ್ಯಾಡ್ರಿ.

ಬಿಂಕದಕಟ್ಟಿ_ಬಿಸಿಲು:

ಕರೆಂಟಿನ ಭಾಗಕ್ಕೆ ಎರಡು ಮಾತು. ಈ ಗಾಡಿಯಲ್ಲಿ ಅತಿ ಹೆಚ್ಚು ಅನುಮಾನಕ್ಕೆ ಒಳಗಾಗುವುದು ಆ ಬ್ಯಾಟರಿ, ಅದರಲ್ಲೂ ಹಿಮಾಚಲದಿಂದ ಬರುತ್ತಿದೆ ಎಂದಾಗ. ಲಿಥಿಯಂ ಐರನ್ ಫಾಸ್ಫೇಟ್ ಸೆಲ್ಲನ್ನು 0 ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಒಳಗೆ ಇಳಿಯದೆ ಲೋಹವಾಗಿ ಮೇಲೆಯೇ ಕೂರುತ್ತದೆ, ಆ ಸಾಮರ್ಥ್ಯ ಮತ್ತೆ ಬರುವುದಿಲ್ಲ. ನಿಮ್ಮ ಬಿಎಂಎಸ್‌ನಲ್ಲಿ (ಬ್ಯಾಟರಿ ಕಾಯುವ ಸರ್ಕ್ಯೂಟ್) ಚಳಿಗೆ ಚಾರ್ಜ್ ನಿಲ್ಲಿಸುವ ವ್ಯವಸ್ಥೆ ಇದೆಯೇ ನೋಡಿ, ಇದ್ದರೆ ಜಾಹೀರಾತಿನಲ್ಲೇ ಬರೆಯಿರಿ. ಇಲ್ಲದಿದ್ದರೆ ಇನ್ನು ಮೇಲೆ ಬೆಳಗಿನ ಚಳಿಯ ಹೊತ್ತಿಗೆ ಪ್ಯಾನೆಲ್ ಸಂಪರ್ಕ ಕಳಚಿಟ್ಟು, ಒಳಗೆ ಬೆಚ್ಚಗಾದ ಮೇಲೆ ಜೋಡಿಸಿ.

ವೋಲ್ಟ್ ಮೀಟರ್ ತೋರಿಸಿ ‘13.2 ಇದೆ ನೋಡಿ’ ಎಂದರೆ ತಿಳಿದವರು ನಗುತ್ತಾರೆ. ಈ ಬ್ಯಾಟರಿ ಮುಕ್ಕಾಲು ತುಂಬಿದ್ದರೂ ಅರ್ಧ ಇದ್ದರೂ ಹೆಚ್ಚುಕಡಿಮೆ ಅದೇ ವೋಲ್ಟೇಜ್ ತೋರಿಸುತ್ತದೆ. ಸಾಮರ್ಥ್ಯ ತೋರಿಸಲು ಒಂದೇ ದಾರಿ, ಹರಿಸಿ ನೋಡುವುದು. ಪೂರ್ತಿ ತುಂಬಿಸಿ, ಪ್ಯಾನೆಲ್ ಕಳಚಿ, ಹೆಡ್‌ಲೈಟಿನ ಹಳೆಯ ಎಚ್4 ಬಲ್ಬಿನ 55 ವ್ಯಾಟ್ ಫಿಲಮೆಂಟನ್ನು ಬ್ಯಾಟರಿಗೆ ಜೋಡಿಸಿ. ಸುಮಾರು 5 ಆಂಪಿಯರ್ ಎಳೆಯುತ್ತದೆ. ನಡುವೆ ಇಪ್ಪತ್ತು ವೋಲ್ಟಿಗೆ ಆಗುವ ಡಿಸಿ ವ್ಯಾಟ್‌ಮೀಟರ್ ಒಂದನ್ನು ಹಾಕಿದರೆ ಆಂಪಿಯರ್-ಅವರ್ ತಾನೇ ಎಣಿಸುತ್ತದೆ. 10 ಆಂಪಿಯರ್ ಫ್ಯೂಸ್ ಮರೆಯಬೇಡಿ. ಹೊಸ 100 ಎಎಚ್ ಬ್ಯಾಟರಿ 20 ಗಂಟೆಯ ಹತ್ತಿರ ಉರಿಸಬೇಕು. 12 ವೋಲ್ಟಿಗೆ ಇಳಿದಾಗ ನಿಲ್ಲಿಸಿ. 17-18 ಗಂಟೆ ಬಂದರೆ ಧೈರ್ಯವಾಗಿ ಮಾರಿ, ಮೀಟರಿನ ಫೋಟೋ ಸಮೇತ. 12 ಗಂಟೆಗೇ ಮಲಗಿದರೆ ಅದನ್ನೂ ಹೇಳಿಯೇ ಮಾರಿ. ಬಲ್ಬ್ ಕೆಂಡದಂತೆ ಕಾಯುತ್ತದೆ, ಇಟ್ಟಿಗೆ ಮೇಲಿಡಿ, ಪ್ಲೈವುಡ್ ಮೇಲಲ್ಲ.

ಕಂಟ್ರೋಲರ್ ಬಿಚ್ಚುವ ಕ್ರಮ: ಮೊದಲು ಪ್ಯಾನೆಲ್, ಆಮೇಲೆ ಬ್ಯಾಟರಿ. ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ತಿರುಗುಮುರುಗು ಮಾಡಿದರೆ ಬ್ಯಾಟರಿಯ ಆಸರೆಯಿಲ್ಲದೆ ಬರುವ ಪ್ಯಾನೆಲ್ ವೋಲ್ಟೇಜಿಗೆ ಕೆಲವು ಕಂಟ್ರೋಲರ್ ಸುಟ್ಟುಹೋಗುತ್ತವೆ. ಗಿರಾಕಿ ಮುಂದೆ ಬಿಚ್ಚಿ ತೋರಿಸುವ ಉತ್ಸಾಹದಲ್ಲಿ ಆಗುವ ಅನಾಹುತ ಇದೇ.

ಒಂದು ಹಾಳೆಯಲ್ಲಿ ವೈರಿಂಗ್ ನಕ್ಷೆ ಕೈಯಲ್ಲೇ ಬರೆಯಿರಿ: ಯಾವ ಫ್ಯೂಸ್ ಯಾವುದಕ್ಕೆ, ಎಷ್ಟು ಆಂಪಿಯರ್, ತಂತಿ ಎಷ್ಟು ಸ್ಕ್ವೇರ್ ಎಂಎಂ. ಬ್ಯಾಟರಿಯ ಪಾಸಿಟಿವ್ ಬುಡದಲ್ಲೇ ಮುಖ್ಯ ಫ್ಯೂಸ್ ಇರಬೇಕು, ಇಲ್ಲದಿದ್ದರೆ ಮಾರುವ ಮುಂಚೆ ಹಾಕಿ. ಫ್ರಿಜ್ಜಿಗೆ ತೆಳು ತಂತಿ ಎಳೆದಿದ್ದರೆ ಕಂಪ್ರೆಸರ್ ಶುರುವಾಗುವ ಹೊತ್ತಿಗೆ ವೋಲ್ಟೇಜ್ ಬಿದ್ದು ಅದು ಆಫ್ ಆಗುತ್ತದೆ, ಗಿರಾಕಿಯ ಎದುರಿಗೇ ಆಗುತ್ತದೆ. 4 ಸ್ಕ್ವೇರ್ ಎಂಎಂ ಹಾಕಿ.

ಬ್ಯಾಡಗಿ_ಘಾಟು:

ಕೇಶ್ವಾಪುರದವರ ಮಾತನ್ನು ಅರ್ಧ ಒಪ್ಪುತ್ತೇನೆ. ಪುಣೆಯಲ್ಲಿ ಮಾರಬೇಕು ಸರಿ, ಆದರೆ ಜಾಹೀರಾತು ಪುಣೆಗೆ ಬಂದು ಹಾಕುವುದಲ್ಲ. ಕ್ಯಾಂಪರ್ ಕೊಳ್ಳುವವರು ಎಲ್ಲ ಊರಲ್ಲೂ ಕಾಯುತ್ತ ಕೂತಿರುವುದಿಲ್ಲ, ಅವರನ್ನು ಹುಡುಕಲು ಐದಾರು ವಾರ ಬೇಕು. ನಾಳೆಯೇ ಹಾಕಿ, ‘ನವೆಂಬರ್ 10ರಿಂದ ಪುಣೆಯಲ್ಲಿ ನೋಡಲು ಸಿಗುತ್ತದೆ’ ಎಂದು ಬರೆದು. ಕಾಲವೂ ಒಳ್ಳೆಯದೇ. ಆಷಾಢ, ಪಿತೃಪಕ್ಷದಲ್ಲಿ ನಮ್ಮ ಕಡೆ ಯಾರೂ ಗಾಡಿ ಮುಟ್ಟುವುದಿಲ್ಲ, ದೀಪಾವಳಿ ಸುತ್ತ ಕೈ ಬಿಚ್ಚುತ್ತಾರೆ, ಚಳಿಗಾಲದ ತಿರುಗಾಟಕ್ಕೆ ಹೊರಡುವವರೂ ಆಗಲೇ ಹುಡುಕುತ್ತಾರೆ.

ದರ ಕಟ್ಟುವಾಗ ಗಾಡಿ ಬೇರೆ, ಸಾಮಾನು ಬೇರೆ ಮಾಡಿ. ಅದೇ ವರ್ಷದ, ಅದೇ ಪೆಟ್ರೋಲ್ ಇಕೋದ ಐದಾರು ಜಾಹೀರಾತು ನೋಡಿ, ಪುಣೆಯವೇ ಆಗಲಿ, ಅವು ಕೇಳುವ ದರ ಎಂಬುದು ನೆನಪಿರಲಿ, ಹೋಗುವ ದರ ಅದಕ್ಕಿಂತ ಕೆಳಗೆ. ಅದು ಗಾಡಿಯ ಬೆಲೆ. ಸಾಮಾನಿನಲ್ಲಿ ಬ್ಯಾಟರಿ, ಫ್ರಿಜ್, ಪ್ಯಾನೆಲ್, ಕಂಟ್ರೋಲರ್‌ಗೆ ಕೊಂಡ ದರದ ಅರ್ಧ ಹಿಡಿಯಿರಿ. ಪ್ಲೈವುಡ್, ಬಡಗಿ ಕೂಲಿ, ನಿಮ್ಮ ಬೆವರು, ಇದಕ್ಕೆ ಸೊನ್ನೆ. ನೋವಾಗುತ್ತದೆ, ಆದರೆ ನಿಮ್ಮ ಅಳತೆಯ ಮಂಚ ಇನ್ನೊಬ್ಬರ ಕಾಲಿಗೆ ಗಿಡ್ಡ. ಹಳೆ ಗಾಡಿ ಬಜಾರಿನ ಡೀಲರ್ ಈ ಸಾಮಾನಿಗೆ ಪೂರ್ತಿ ಸೊನ್ನೆ ಹಾಕುತ್ತಾನೆ, ತೆಗೆಯುವ ಕೂಲಿಯನ್ನೂ ಮುರಿಯಬಹುದು. ಡೀಲರಿಗೇ ಕೊಡುವುದಾದರೆ ಅವನಿಗೆ ಆರ್‌ಟಿಒ ಕೊಟ್ಟ ಅಧಿಕಾರ ಪತ್ರ ಇದೆಯೇ ಕೇಳಿ. 2023ರ ಏಪ್ರಿಲ್‌ನಿಂದ ಅಂಥ ಡೀಲರಿಗೆ ಗಾಡಿ ಒಪ್ಪಿಸಿ ಫಾರ್ಮ್ 29ಸಿ ಮೂಲಕ ತಿಳಿಸಿದರೆ ಹೊಣೆ ಅವನ ತಲೆಗೆ ಹೋಗುತ್ತದೆ.

ಡಿಸೆಂಬರ್ 15ರಿಂದ ಹಿಂದಕ್ಕೆ ಎಣಿಸಿ ಒಂದು ಗಡಿ ಇಟ್ಟುಕೊಳ್ಳಿ: ನವೆಂಬರ್ 22ರೊಳಗೆ ಕ್ಯಾಂಪರ್ ಗಿರಾಕಿ ಸಿಗದಿದ್ದರೆ ಸಾಮಾನು ಬಿಚ್ಚಿ, ಸೀಟು ಕೂರಿಸಿ, ಸಾದಾ ಇಕೋ ಎಂದು ಮಾರಿ. ಕ್ಯಾಟರಿಂಗ್‌ನವರು, ಹೂವು-ಹಣ್ಣಿನವರು, ದೊಡ್ಡ ಕುಟುಂಬದವರು ಸಾದಾ ಇಕೋಗೆ ಯಾವಾಗಲೂ ಇರುತ್ತಾರೆ. ಬ್ಯಾಟರಿ, ಫ್ರಿಜ್, ಪ್ಯಾನೆಲ್ ಧಾರವಾಡಕ್ಕೆ ತಂದು ಬಿಡಿಬಿಡಿಯಾಗಿ ಮಾರಿ, ಅವಕ್ಕೆ ಎನ್‌ಒಸಿ ಬೇಕಿಲ್ಲ.

ಫೋಟೋ ವಿಷಯ: ಹಿಮದ ಬೆಟ್ಟದ ಮುಂದೆ ನಿಂತ ಗಾಡಿಯ ಚಿತ್ರ ಒಂದು ಸಾಕು. ಉಳಿದವು ಗಾಡಿಯ ಅಡಿ, ಬಾಗಿಲ ಕೆಳ ಅಂಚು, ಮೀಟರ್, ಮಂಚ ಎತ್ತಿದಾಗ ಕಾಣುವ ನೆಲ, ಫ್ಯೂಸ್ ಪೆಟ್ಟಿಗೆ. ಮಂಚದ ಉದ್ದ-ಅಗಲ ಇಂಚಿನಲ್ಲಿ ಬರೆಯಿರಿ, ಎಲ್ಲರೂ ಕೇಳುವ ಮೊದಲ ಪ್ರಶ್ನೆ ಅದೇ. ಆರ್‌ಸಿ ಫೋಟೋ ಹಾಕಬೇಡಿ. ‘ನಾನು ಸೈನ್ಯದಲ್ಲಿದ್ದೇನೆ, ನೋಡದೆಯೇ ಕೊಳ್ತೀನಿ, ಕ್ಯೂಆರ್ ಕಳಿಸ್ತೀನಿ ಸ್ಕ್ಯಾನ್ ಮಾಡಿ ಮುಂಗಡ ತಗೊಳ್ಳಿ’ ಎಂದು ಯಾರಾದರೂ ಬಂದೇ ಬರುತ್ತಾರೆ. ದುಡ್ಡು ಪಡೆಯಲು ಯುಪಿಐ ಪಿನ್ ಒತ್ತುವ ಅಗತ್ಯವೇ ಇಲ್ಲ. ಓಡಿಸಿ ನೋಡುತ್ತೇನೆ ಎಂದರೆ ಲೈಸೆನ್ಸ್ ನೋಡಿ, ಪಕ್ಕದಲ್ಲಿ ನೀವೂ ಕೂತುಕೊಳ್ಳಿ.

ಸಾಧನಕೇರಿ_ಜೋಡಿ:

ಎಲ್ಲರಿಗೂ ಧನ್ಯವಾದ. ಗುಜರಾತ್ ಬಿಟ್ಟೆವು, ನವೆಂಬರ್ 8ಕ್ಕೆ ಪುಣೆ. ಚಲನ್ ನೋಡಿದೆವು, ಮೂರು ಇವೆ, ಒಂದು ಕೋರ್ಟಿಗೆ ಹೋಗಿದೆ. ಎಚ್‌ಎಸ್‌ಆರ್‌ಪಿ ನಿಜವಾಗಿಯೂ ಇಲ್ಲ, 10ಕ್ಕೆ ದಿನ ಸಿಕ್ಕಿತು. ಹಿಂದಿನ ಸೀಟು ಧಾರವಾಡದಲ್ಲಿ ನಮ್ಮ ಅತ್ತೆಯ ಮನೆಯ ಅಟ್ಟದ ಮೇಲಿದೆ. ಅದನ್ನು ಪುಣೆಗೆ ತರಿಸುವುದು ಹೇಗೆ? ಇನ್ನೊಂದು, ಗೋವಾದವರೊಬ್ಬರು ಈಗಲೇ ಮುಂಗಡ ಕೊಡುತ್ತೇವೆ ಅನ್ನುತ್ತಿದ್ದಾರೆ.

ಕಾಗದಪತ್ರ_ಕೇಶ್ವಾಪುರ:

ಗೋವಾ ಎಂದರೆ ಮತ್ತೆ ಎನ್‌ಒಸಿ, ಮತ್ತೆ ಅಲ್ಲಿಯ ತೆರಿಗೆ. ಪೂರ್ತಿ ದರ ಕೊಟ್ಟು, ತೆರಿಗೆ ತಾನೇ ಕಟ್ಟಿ, ಎನ್‌ಒಸಿ ಬರುವ ತನಕ ಕಾಯುತ್ತೇನೆ ಅಂದರೆ ಮಾತ್ರ ಮುಂಗಡ ತೆಗೆದುಕೊಳ್ಳಿ. ಎನ್‌ಒಸಿ ತಡವಾದರೆ ಮುಂಗಡ ವಾಪಸ್ಸೋ ಅಲ್ಲವೋ, ಯಾವ ತಾರೀಖಿನ ಮೇಲೆ ಬೇರೆಯವರಿಗೆ ಮಾರಲು ನೀವು ಸ್ವತಂತ್ರರು, ಇವೆರಡನ್ನು ಬರಹದಲ್ಲಿ ಒಪ್ಪಿಸಿಕೊಂಡು.

ಗೋಕುಲ್‌ರೋಡ್_ಪಾನಾ:

ಸೀಟ ವಿಆರ್‌ಎಲ್ ಪಾರ್ಸಲ್‌ನಾಗ ಹಾಕ್ಸ್ರಿ, ಪುಣೆಯೊಳಗ ಅವರ ಗೋದಾಮಿನಿಂದ ನೀವ ಬಿಡಿಸಿಕೊಂಡ್ರ ಆತು. ಗೋಣಿ ಚೀಲ ಸುತ್ತಿ ಹೊಲದು ಕಳಸಾಕ ಹೇಳ್ರಿ, ಇಲ್ಲಾಂದ್ರ ರೆಕ್ಸಿನ್ ಹರೀತದ. ಅತ್ತಿಯವರಿಗೆ ಅಟ್ಟದ ಮ್ಯಾಲೆ ಬೆಲ್ಟಿನ ಬಕಲ್ಲು, ಬೋಲ್ಟಿನ ಪೊಟ್ಲಿನೂ ಹುಡುಕಾಕ ಹೇಳ್ರಿ. ಬೋಲ್ಟ್ ಸಿಗಲಿಲ್ಲಂದ್ರ ಹಾರ್ಡ್‌ವೇರ್ ಅಂಗಡಿಯ ಮೆತ್ತಗಿನವು ಹಾಕಬ್ಯಾಡ್ರಿ, ಮಾರುತಿ ಸ್ಪೇರ್ಸ್ ಅಂಗಡ್ಯಾಗ ಸೀಟಿನ ಬೋಲ್ಟ್ ಅಂತನ ಕೇಳ್ರಿ. ಹಳೇ ತೂತಿನಾಗ ಒಂಬತ್ತು ತಿಂಗಳ ಧೂಳು ಕೂತಿರ್ತದ, ಊದಿ ಸ್ವಚ್ಛ ಮಾಡಿ, ಮೊದಲ ಮೂರು ಸುತ್ತು ಕೈಲೇ ತಿರುವ್ರಿ, ಆಮ್ಯಾಲೆ ಪಾನಾ.